ಕೊಳಗಲ್ಲಿನ ತೋಪಿನ ಕಟ್ಟೆ

ಬಳ್ಳಾರಿ
2 ಮಾರ್ಚ್ 2025, ಭಾನುವಾರ

ಪ್ರೀತಿಯ ದಾಕ್ಷಾಯಣಿಗೆ,

ಅತ್ತೆಯವರ ಸೊಂಟ ಹೇಗಿದೆ? ಕೋಲು ಹಿಡಿದು ಅಡುಗೆಮನೆಯವರೆಗೆ ನಡೆದರೆಂದು ನಿನ್ನ ತಮ್ಮ ಸಂಗಮೇಶ್ ಹೇಳಿದ. ಸಮಾಧಾನವಾಯಿತು. ನಿನ್ನ ತವರು ಕುರುಗೋಡಿಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಹದಿನೈದು ದಿನದಿಂದ ಮುಖ ತೋರಿಸದವನು ಈಗ ಕಾಗದ ಬರೆಯುತ್ತಿದ್ದಾನೆ ಎಂದು ನಗುತ್ತೀಯ. ತಡವಾಯಿತು, ಕ್ಷಮಿಸು. ಎರಡು ಸಲ ಫೋನ್ ಮಾಡಿದೆ, "ಊಟ ಆತಾ?" ಎಂದು ಕೇಳಿ ಇಟ್ಟುಬಿಟ್ಟೆ. ಈ ಸರ್ವೆಯವನ ಬಾಯಿ ನಿನಗೆ ಗೊತ್ತಲ್ಲ, ಊರವರ ಬದುವಿನ ಜಗಳದಲ್ಲಿ ಮಾತ್ರ ಜೋರು.

ಕೊಳಗಲ್ಲಿನಲ್ಲಿ ನಮ್ಮ ಹೊಲದ ಪಕ್ಕದ ತೋಪಿನ ಕಟ್ಟೆಯನ್ನು ಗುರುವಾರ ಒಡೆದರು, ದಾಕ್ಷಾ. ನಮ್ಮ ಕೂಸಿನ ಜಾಗ ಹೋಯಿತು.

ಶಿವರಾತ್ರಿಯ ಮರುದಿನ ಬೆಳಿಗ್ಗೆ ಪಕ್ಕದ ಹೊಲದ ರಂಗಣ್ಣ ಫೋನ್ ಮಾಡಿ, "ಲೇ ವೀರಭದ್ರ, ಜೆಸಿಬಿ ಬಂದೈತಿ, ಜಲ್ದಿ ಬಾ" ಅಂದ. ಆ ಸರ್ಕಾರಿ ಜಾಗ ಕಾರ್ಖಾನೆಯ ಯಾರ್ಡಿಗೆ ಮಂಜೂರಾಗಿತ್ತು. ಮಹಾಯುದ್ಧದ ಕಾಲದಲ್ಲಿ ವಿಮಾನ ಹೊಡೆಯುವ ತೋಪು ಇಡಲು ಬ್ರಿಟಿಷರು ಕಟ್ಟಿದ ದುಂಡು ಗೋಡೆ ಆ ಕಟ್ಟೆ. ಒಂದು ವಿಮಾನವೂ ಬರಲಿಲ್ಲ. ತೋಪು ಒಯ್ದರು, ಊರವರು ಒಳಗೆ ಮೆಣಸಿನಕಾಯಿ ಒಣಗಿಸಿಕೊಂಡರು. ಹತ್ತೊಂಬತ್ತು ವರ್ಷದ ಹಿಂದೆ ತೀರಿಕೊಂಡ ನಮ್ಮ ಮೂರು ದಿನದ ಕೂಸನ್ನು ಹೂಳಲು ಅಪ್ಪ ಅಲ್ಲಿಗೇ ಎತ್ತಿಕೊಂಡು ಹೋದ. "ಗೋಡಿ ಒಳಗ ಇಡೋಣು, ನಾಯಿ ಬರಂಗಿಲ್ಲ" ಅಂದ. ಹೆಸರಿಡದ ಕೂಸಿಗೆ ಕಲ್ಲು ನೆಡಬಾರದು ಅಂದವನೂ ಅವನೇ. ನಾನು ಗೋಡೆಯ ಹೊರಗೇ ನಿಂತಿದ್ದೆ.

ನೀನು ಬಾಣಂತನ ಮುಗಿದ ಮೇಲೆ ಅಪ್ಪನನ್ನು ಕಾಡಿ ಜಾಗ ತಿಳಿದುಕೊಂಡೆ. ಪ್ರತಿ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲುವಾಗ, ನೀನೊಬ್ಬಳು ಒಂದು ಹಿಡಿ ಅನ್ನ ತೆಗೆದುಕೊಂಡು ಗೋಡೆಯೊಳಗೆ ಹೋಗುತ್ತಿದ್ದೆ. ನಾನು ಜೋಳದ ತೆನೆ ನೋಡುವವನಂತೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ನಿನ್ನ ಮುಂದೆ ಅಳಲು ಹೆದರಿಕೆ, ಅಷ್ಟೇ. ಈಗ ಅಪ್ಪನೂ ಇಲ್ಲ, ಆ ಜಾಗ ಗೊತ್ತಿರುವುದು ನಿನಗೊಬ್ಬಳಿಗೆ.

ಜೆಸಿಬಿ ನಡೆಸುವ ಚನ್ನಬಸವ ಒಳ್ಳೆಯ ಮನುಷ್ಯ. ವಿಷಯ ಹೇಳಿದೊಡನೆ ಎಂಜಿನ್ ಆರಿಸಿ ಇಳಿದ. "ಎಲ್ಲಿ ಅಂತ ತೋರಸ್ರಿ ಸರ್, ಅಷ್ಟು ಮಣ್ಣು ಕೈಲೇ ತಗದು ಕೊಡ್ತೀನಿ" ಅಂದ. ಊರವರ ಹೊಲಗಳನ್ನೆಲ್ಲ ಗೇಣು ಬಿಡದೆ ಅಳೆದವನಿಗೆ ನಮ್ಮ ಕೂಸು ಎಡಕ್ಕಿದೆಯೋ ಬಲಕ್ಕಿದೆಯೋ ಹೇಳಲಾಗಲಿಲ್ಲ. ನಮ್ಮ ಆಫೀಸಿನ ಸಾಹೇಬರಿಗೆ ಫೋನ್ ಮಾಡಿದೆ. "ದಾಖಲಿನಾಗ ಸಮಾಧಿ ಇಲ್ಲಲ್ರೀ. ಆಕ್ಷೇಪಣೆ ಕೊಡೋ ದಿನಾನೂ ಮುಗದೈತಿ" ಅಂದರು. ಹನ್ನೊಂದಕ್ಕೆ ಗೋಡೆ ಬಿತ್ತು. ನಿಂತು ನೋಡಿದೆ, ಬೇರೇನು ಮಾಡಲಿ? ಮಣ್ಣನ್ನು ಟಿಪ್ಪರಿನಲ್ಲಿ ಹೊತ್ತೊಯ್ದರು. ಎಲ್ಲಿಗೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳಿದರು.

ಅತ್ತೆಯವರನ್ನು ಬಿಟ್ಟು ಓಡಿ ಬರಬೇಡ. ಅಲ್ಲಿ ನೋಡಲು ಏನೂ ಉಳಿದಿಲ್ಲ. ಅವರಿಗೆ ನನ್ನ ಶರಣು, ಸಂಗಮೇಶನಿಗೆ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ಕಾಯಲಿ.

ನಿನ್ನ
ವೀರಭದ್ರ

ತಾ.ಕ.: ಹೋದ ಆಗಸ್ಟಿನಲ್ಲಿ ಆ ಜಾಗ ಅಳೆದು ನಕ್ಷೆ ಬರೆದವನು ನಾನೇ. ಬಾವಿ, ಮರ, ಸಮಾಧಿ ಇದ್ದರೆ ಬರೆಯಲು ಕಾಲಂ ಇರುತ್ತದೆ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುವುದು ನಮ್ಮ ರೂಢಿ. ಕಲ್ಲಿರಲಿಲ್ಲ, ಸಮಾಧಿ "ಇಲ್ಲ" ಎಂದು ಬರೆದು ಸಹಿ ಹಾಕಿದೆ. ಆಗ ಕೂಸು ನೆನಪಾಗಲಿಲ್ಲ ಅಂದರೆ ಸುಳ್ಳು; ಆಫೀಸಿನಲ್ಲಿ ಎಲ್ಲರಿಗೂ ಹೇಳಬೇಕಾಗುತ್ತದೆಂದು ಸುಮ್ಮನಾದೆ. ಗುರುವಾರ ಚನ್ನಬಸವ, "ಅಮ್ಮಾರನ್ನ ಕರಸ್ರಿ, ಮಧ್ಯಾಹ್ನದ ತನಕ ನಿಲ್ಲಸ್ತೀನಿ" ಅಂದಿದ್ದ. ನೀನು ಬಂದಿದ್ದರೆ ಜಾಗ ತೋರಿಸುತ್ತಿದ್ದೆ. ಆಮೇಲೆ, "ಇಲ್ಲ ಅಂತ ಬರದೋರು ಯಾರು?" ಎಂದು ಕೇಳುತ್ತಿದ್ದೆ. ಅದಕ್ಕೇ ನಾನು ಅವನಿಗೆ, "ಆಕಿ ಊರಾಗ ಇಲ್ಲಪ್ಪ, ನೀ ನಡಸು" ಅಂದೆ.