ಕೈಯಿಂದ ಕೈಗೆ ದಾಟಿದ ಕೋಲಾ

ಉಮುವಾಗು
೨೦ ಆಗಸ್ಟ್ ೧೯೯೪

ಪ್ರೀತಿಯ ಇಫೆಡಿ,

ಲಾಗೋಸಿನ ಸೆಕೆಯಲ್ಲಿ ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಓಡಾಡುತ್ತಿರುವ ನಿನಗೆ ನನ್ನ ವಂದನೆಗಳು. ಉತ್ತರ ತಡವಾಯಿತು, ಕ್ಷಮಿಸು. ಆಗಸ್ಟ್ ತಿಂಗಳ ಗಲಾಟೆ ನಿನಗೆ ತಿಳಿಯದ್ದಲ್ಲ. ದೂರದ ಪಟ್ಟಣಗಳಲ್ಲಿರುವ ಹೆಂಗಸರೆಲ್ಲ ವಾರ್ಷಿಕ ಸಭೆಗೆಂದು ಊರಿಗೆ ಬಂದಿದ್ದಾರೆ. ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಕೂತು ಬರೆಯಲು ಎಲ್ಲಿಂದ ಸಿಕ್ಕೀತು?

ಪದವಿ ಪರೀಕ್ಷೆಯಲ್ಲಿ ಮೊದಲಿಗಳೆಂದು ನನ್ನ ಹೆಸರನ್ನು ಕೂಗಿದ ದಿನ ನಾನು ಬೀಗಿದ್ದನ್ನು, ಎರಡನೆಯವನಾದ ನೀನು ಮರೆತಿರಲಾರೆ. ಈ ವಾರ ಅದಕ್ಕಿಂತಲೂ ಹೆಚ್ಚು ಬೀಗಿದ್ದೇನೆ. ನನ್ನ ತಾಯಿ ಒರಿಯಾಕು ಗೆದ್ದಳು. ಯಾವ ಕಾಲದಲ್ಲೋ ನಮ್ಮ ಹಿರಿಯರನ್ನು ಒಂದು ಗುಡಿಗೆ ಒಪ್ಪಿಸಿದರೆಂಬ ಕಾರಣಕ್ಕೆ ತಲೆತಲಾಂತರದಿಂದ ನಮಗೆ ಅಂಟಿಕೊಂಡಿದ್ದ 'ಒಸು', ಅಂದರೆ ಮುಟ್ಟಬಾರದವರು, ಎಂಬ ಹೆಸರನ್ನು ಊರು ಬಹಿರಂಗವಾಗಿ ಕೈಬಿಟ್ಟಿತು.

ರೇಡಿಯೋದಲ್ಲಿ ಅವಳ ಮಾತು ಕೇಳಿ ನೀನು ಮೆಚ್ಚಿಕೊಂಡಿದ್ದೆ. ಆದರೆ ಅವಳ ಹೋರಾಟ ಹೊಲಿಗೆ ಯಂತ್ರದ ಮುಂದೆ ಆರಂಭವಾಯಿತೆಂಬುದು ನಿನಗೆ ತಿಳಿಯದು. ಆಗಸ್ಟ್ ಸಭೆಗೆ ಹೆಂಗಸರೆಲ್ಲ ಒಂದೇ ಬಗೆಯ ಬಟ್ಟೆ ತೊಡುತ್ತಾರಷ್ಟೆ. ಅದನ್ನು ಹೊಲಿಯುತ್ತಿದ್ದವಳು ಅಮ್ಮ. ಹೊಲಿದು ಕೊಟ್ಟವಳಿಗೆ ಮಾತ್ರ ಹಿಂದೆ, ಬೇರೆಯದೇ ಬೆಂಚು. ಒಂದು ವರ್ಷ ಅವಳು ಎದ್ದು ನಿಂತು, "ನನ್ನ ಕೈಯ ಹೊಲಿಗೆ ನಿಮ್ಮ ಮೈಗೆ ಆಗತ್ತೆ, ನಾನು ಪಕ್ಕದಲ್ಲಿ ಕೂತ್ರೆ ಆಗಲ್ವಾ?" ಎಂದು ಕೇಳಿದಳಂತೆ. ಬೆಂಚು ಅಲ್ಲೇ ಉಳಿಯಿತು. ಮರುವರ್ಷ ಅವಳು ಸೂಜಿ ಮುಟ್ಟಲಿಲ್ಲ. ಸಭೆ ಬಣ್ಣಬಣ್ಣದ ಚಿಂದಿಯಂತೆ ಕಂಡಿತು. ಅದರ ಮುಂದಿನ ವರ್ಷ ಬೆಂಚು ಮುಂದಕ್ಕೆ ಬಂತು.

ಆಮೇಲೆ ಅವಳು ಬಾಡಿಗೆ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ತೊಡೆಯ ಮೇಲೆ ಸಾರಿನ ಪಾತ್ರೆ ಇಟ್ಟುಕೊಂಡು ಹಳ್ಳಿಹಳ್ಳಿ ತಿರುಗಿದಳು. ತನ್ನ ಪಾತ್ರೆಯಿಂದ ಒಬ್ಬರಾದರೂ ಉಣ್ಣುವವರೆಗೆ ಭಾಷಣ ಮಾಡಳು, ಅದು ಅವಳ ನಿಯಮ. ಎಷ್ಟೋ ಕಡೆ ಪಾತ್ರೆ ತುಂಬಿದ್ದಂತೆಯೇ ಮರಳಿತು. ರಾತ್ರಿ ನಾವೇ ಉಂಡೆವು. "ಇವತ್ತೂ ಮಿಕ್ತಾ ಅಮ್ಮಾ?" ಎಂದರೆ, "ನಿನ್ನ ಅದೃಷ್ಟ ಕಣೇ, ಮೀನೆಲ್ಲ ನಿಂದೇ" ಎನ್ನುತ್ತಿದ್ದಳು. ಹೆಣ ಹೂಳಲು ಬೇರೆ ನೆಲ ಎಂಬ ಕಟ್ಟಳೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದವಳೂ ಅವಳೇ. ನಾನು ಕಾನೂನು ಓದಿದ್ದು ಅಲ್ಲಿಯ ಕಟ್ಟೆಯ ಮೇಲೆ ಅವಳಿಗಾಗಿ ಕಾಯುತ್ತ ಕುಳಿತ ಫಲವಾಗಿ.

ಆ ಹೆಸರನ್ನು ಕೈಬಿಡುವ ಠರಾವಿಗೆ ಹಿರಿಯರು ರುಜು ಹಾಕಲು ಒಪ್ಪಿದಾಗ ಅಮ್ಮ ಇನ್ನೊಂದು ಪಟ್ಟು ಹಿಡಿದಳು: ಸಭೆಯ ಮೊದಲಲ್ಲಿ ಪ್ರಾರ್ಥಿಸಿ ಒಡೆದು ಹಂಚುವ, ನಮ್ಮ ಕೈಯಿಂದ ಯಾರೂ ತಿನ್ನದ ಕೋಲಾ ಬೀಜವನ್ನು ಅಂದು ತನ್ನ ತಂದೆ ಇರೋಹಾ ಅಜ್ಜನೇ ಒಡೆಯಬೇಕು. "ರುಜು ಸಾಲ್ದೇನಮ್ಮಾ?" ಎಂದರು. "ರುಜು ಹಾಕೋಕೆ ಬಾಯಿ ತೆರೀಬೇಕಾಗಿಲ್ಲ. ತಿನ್ನೋಕೆ ತೆರೀಬೇಕು" ಎಂದಳು.

ಸಂತೆಯ ಬಯಲು ತುಂಬಿತ್ತು. ಅಜ್ಜ ಪ್ರಾರ್ಥಿಸಿದ, ಬೀಜ ಒಡೆದ. ಅನಂತರ, ಇಫೆಡಿ, ಅವನು ತಟ್ಟೆಯನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ನಿಂತ. ತನ್ನ ಕೈ ತಾಕದಂತೆ ಇತರರು ಎತ್ತಿಕೊಳ್ಳಲೆಂದು ಜೀವಮಾನವಿಡೀ ಮಾಡಿದ್ದನ್ನೇ ಅಂದೂ ಮಾಡಿದ. ಅಮ್ಮ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಅಪ್ಪಾ, ಎತ್ತಿಕೋ. ಕೈಯಿಂದ ಕೈಗೆ ಕೊಡು" ಎಂದಳು.

ಅಜ್ಜ ಎತ್ತಿಕೊಂಡ. ತಟ್ಟೆ ಊರಿನ ಹಿರಿಯ ಒಕೊಲಿಯವರ ಮುಂದೆ ಬಂದಾಗ ಅವರು ಹೋಳನ್ನು ತಿರುಗಿಸಿ ತಿರುಗಿಸಿ ನೋಡಿ, "ನಂಗೆಲ್ಲಿದೆಯಪ್ಪ ಹಲ್ಲು!" ಎಂದರು. ತಪ್ಪಿಸಿಕೊಳ್ಳುವ ದಾರಿ ಹುಡುಕಿದರೆಂದುಕೊಂಡೆ. ಅವರು ಹೋಳನ್ನು ಅಮ್ಮನತ್ತ ಚಾಚಿ, "ಏಯ್ ಒರಿಯಾಕು, ಇಷ್ಟು ವರ್ಷ ನಮ್ಮ ತಲೆ ಜಜ್ಜಿದೆಯಲ್ಲ, ಇದನ್ನೂ ನೀನೇ ಜಜ್ಜಿ ಕೊಡು ತಾಯಿ" ಎಂದರು. ಬಯಲಿಗೆ ಬಯಲೇ ನಕ್ಕಿತು. ಅಮ್ಮ ಕಲ್ಲಿನ ಮೇಲೆ ಜಜ್ಜಿ ತನ್ನ ಅಂಗೈಯಲ್ಲೇ ಕೊಟ್ಟಳು. ಅವರು ಅವಳ ಅಂಗೈಯಿಂದಲೇ ತಿಂದರು. ಆಮೇಲೆ ತಟ್ಟೆಗೆ ನೂಕುನುಗ್ಗಲು. ನನಗೂ ಒಂದು ಹೋಳು ಸಿಕ್ಕಿತು.

ನಮ್ಮ ಮದುವೆಗೆ ಮುಂಚೆ ಹುಡುಗಿಯ ಮನೆತನ ವಿಚಾರಿಸಲು ನಿನ್ನ ತಾಯಿ ಕಳಿಸಿದ ನಿನ್ನ ಸೋದರಮಾವ ಇಬೆಕ್ವೆಯವರೂ ಅಂದೇ ಬಂದಿದ್ದರು. ಅವರಿಗೂ ತಟ್ಟೆ ಬಂತು. ಹೋಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ, "ಹಲ್ಲುನೋವು" ಎಂದರು. "ಹಲ್ಲೇ ಇಲ್ಲದವರು ತಿಂದ್ರು, ಯಜಮಾನ್ರೇ!" ಎಂದಳು ಪಕ್ಕದ ಎಣ್ಣೆ ಮಾರುವಾಕೆ. ಊಟಕ್ಕೆ ನಿಲ್ಲದೆ ಹೊರಟರು. ಅಮ್ಮ ಮಾತ್ರ, "ಪಾಪ, ನಿಜವಾಗ್ಲೂ ನೋವಿದ್ದಿರಬಹುದು" ಎಂದು ಅವರಿಗಾಗಿ ಲವಂಗ ಹುಡುಕುತ್ತಿದ್ದಳು.

ನಿನ್ನ ಮೊದಲ ಮೊಕದ್ದಮೆಯಲ್ಲಿ ನಿನಗೆ ಜಯವಾಗಲಿ. ನಿನ್ನ ನಾಲಿಗೆ ನ್ಯಾಯಾಲಯದಲ್ಲಿ ನೇರವಾಗಿರಲಿ, ಮನೆಯಲ್ಲಿಯೂ ಹಾಗೆಯೇ ಇರಲಿ.

ಒರಿಯಾಕುವಿನ ಮಗಳು,
ಓಲಾನ್ಮಾ

ಮರೆತ ಮಾತು: ನಾನು ಊರಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ನೀನು ನನ್ನ ಕೈ ಹಿಡಿದು, "ಅಮ್ಮಂಗೆ ಸದ್ಯಕ್ಕೆ ನಿನ್ನೂರಿನ ಹೆಸರು ಬೇಡ, ಬೇರೆ ಯಾವುದಾದ್ರೂ ಹೇಳೋಣ" ಎಂದೆ. ಮರೆತ ಮಾತೆಂದು ಬರೆದೆ. ಒಂದು ದಿನವೂ ಮರೆತಿಲ್ಲ. ನಿನ್ನ ತಾಯಿಗೆ ಊರಿನ ಹೆಸರು ಬರೆದು ತಿಳಿಸಿದವಳು ನಾನೇ. ನಿನ್ನ ಆ ಮಾತನ್ನು ನನ್ನ ತಾಯಿಗೆ ಹೇಳಿಲ್ಲ. ಅವಳು ಮದುವೆಗೆ ನಿನ್ನ ಅಂಗಿ ಹೊಲಿಯಲು ಬಟ್ಟೆ ತಂದಿಟ್ಟುಕೊಂಡು, ದಿನವೂ ನಿನ್ನ ಭುಜದ ಅಳತೆ ಕೇಳುತ್ತಾಳೆ.

ನನ್ನ ಪಾಲಿನ ಹೋಳನ್ನು ಇದರೊಳಗೆ ಇಟ್ಟಿದ್ದೇನೆ. ನಿನ್ನ ತಾಯಿಯ ಎದುರು ಕುಳಿತು ತಿನ್ನು. ತಿಂದ ಮೇಲೆ ಅಳತೆ ಕಳಿಸು. ಆಗದಿದ್ದರೆ ಹೋಳನ್ನೇ ಹಿಂದಕ್ಕೆ ಕಳಿಸು. ಎಸೆಯಬೇಡ. ಅದು ನನ್ನ ಅಜ್ಜ ಒಡೆದದ್ದು.