ಕೆಂಪಿನ ಕೆಳಗಿನ ಕೆನೆಬಣ್ಣ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ವಾಷಿಂಗ್ ಮಷೀನಿಗೆ ಎರಡನೆಯ ಲೋಡ್. ಹನಿಮೂನಿನ ಮರಳು ಇನ್ನೂ ಸಾಕ್ಸಿನಿಂದ ಉದುರುತ್ತಿದೆ. ಒದರಿ ಬಿಸಾಡಲು ಮನಸ್ಸೇ ಬರುವುದಿಲ್ಲ. ಗುಂಡ ಆಫೀಸಿಗೆ ಹೋಗಿ ಒಂದು ಗಂಟೆಯೂ ಆಗಿಲ್ಲ, ಆಗಲೇ ರಾಶಿ ಮೆಸೇಜು. (ಅತ್ತೆಯ ಮುಂದೆ ಅವನು 'ಇವರು'. ಡೈರಿಯಲ್ಲಿ ಮಾತ್ರ ಗುಂಡ.) ಮದುವೆ ಇಷ್ಟು ಚೆಂದವೆಂದು ಯಾರೂ ಏಕೆ ಹೇಳಲಿಲ್ಲ? ಹೇಳಿದ್ದರು. ನಾನು ನಂಬಿರಲಿಲ್ಲ.

ಸಂಜೆ ಏನೋ ಸರ್‌ಪ್ರೈಸ್ ಅಂತೆ. ಕಾರಿನದೇ ಇರಬೇಕು. ಅಜ್ಜಿಯ ಕಾರು – ಅಲ್ಲ, ಈಗ ನನ್ನದು, ಮದುವೆಯ ಮರುದಿನ ಅಜ್ಜಿಯೇ ಕೀ ಕೈಗಿಟ್ಟಳು – ನಾವು ಊರಲ್ಲಿಲ್ಲದಾಗ ಭಾವನ ಪೇಂಟ್ ಶಾಪಿನಲ್ಲಿತ್ತು. ಬರೀ ವಾಟರ್ ವಾಶ್ ಅಂದಿದ್ದರು.

ಅದೇ ದಿನ, ಸಂಜೆ

ಕೆಂಪು. ಟೊಮೇಟೊ ಕೆಂಪು. ನನ್ನ ಕೆನೆಬಣ್ಣದ ಕಾರು!

ಮಾಸ್ಕಿಂಗ್ ಟೇಪ್ ಎಂಬ ವಸ್ತು ಜಗತ್ತಿನಲ್ಲಿದೆಯೆಂದು ಭಾವನ ಕೆಲಸದವರಿಗೆ ಗೊತ್ತಿಲ್ಲವೋ ಏನೋ. ವೈಪರಿಗೂ ಬಣ್ಣ. ಕಿಟಕಿಯ ರಬ್ಬರಿಗೂ ಬಣ್ಣ. ಬಂಪರಿನ ಕ್ರೋಮ್ ಮೇಲೆ ತುಂತುರು. ಹಳೆಯ ವೀಲ್ ಕ್ಯಾಪ್ ಇಲ್ಲ, ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ಕಿನ ತಟ್ಟೆಗಳು. ಡ್ರೈವರ್ ಬಾಗಿಲಿನ ಹಿಡಿಕೆಯೂ ಹೊಸದು, ಫ್ರಿಜ್ಜಿನ ಹಿಡಿಕೆಯ ಹಾಗೆ.

ಭಾವ ನಮ್ಮ ಯಜಮಾನರಿಗೆ ಅಣ್ಣ, ಅಂಗಡಿಗೆ ಓನರ್, ನಗುವಿಗೆ ಬ್ರೇಕ್ ಇಲ್ಲ. "ಹೇಗಿದೆಯಮ್ಮಾ? ಮುದುಕಿಯನ್ನ ಮದುಮಗಳು ಮಾಡಿಬಿಟ್ಟೆ" ಅಂದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಗುಂಡ ಅಂತೂ ಐಸ್‌ಕ್ರೀಂ ಕೊಡಿಸಿ ಮಗುವಿನ ಮುಖ ನೋಡುವ ಅಪ್ಪನ ಹಾಗೆ. ಇದು ಅವನದೇ ಐಡಿಯಾ ಅಂತೆ.

"ಥ್ಯಾಂಕ್ಸ್" ಅಂದೆ. ಅಂದೆನಲ್ಲ... ನಾಲಿಗೆಯ ಮೇಲೆ ಬಣ್ಣ ಕರಗಿಸುವ ಥಿನ್ನರ್ ಬಿದ್ದ ಹಾಗಾಯಿತು.

ಮಾರ್ಚ್ 4, ಮಂಗಳವಾರ

ಅಜ್ಜಿಗೆ ಫೋನ್ ಮಾಡಿದೆ. ನಮ್ಮ ಬೀದಿಯಲ್ಲಿ ಮೊದಲು ಕಾರು ಓಡಿಸಿದ ಹೆಂಗಸು ಅವಳು. ಈಗ ಕಣ್ಣು ಮಂಜು. ಹೇಳಬಾರದು ಅಂದುಕೊಂಡೇ ಎಲ್ಲವನ್ನೂ ಹೇಳಿದೆ.

"ಬಣ್ಣ ಹಾಳಾಗಿ ಹೋಗಲಿ, ನಂಗೆ ಹೇಗೂ ಕಾಣಲ್ಲ. ಹಿಡಿಕೆ ಇದೆಯೇನೇ?"

ಆ ಹಿಡಿಕೆ. ಅಜ್ಜಿಯ ಹೆಬ್ಬೆರಳು ಒತ್ತಿ ಒತ್ತಿ ಕ್ರೋಮ್ ಸವೆದು, ಒಳಗಿನ ಹಿತ್ತಾಳೆ ಉಗುರಿನಷ್ಟು ಅಗಲಕ್ಕೆ ಹಳದಿಯಾಗಿ ಕಾಣುತ್ತಿತ್ತು. ಡ್ರೈವಿಂಗ್ ಕಲಿಯುವಾಗ ನನ್ನ ಹೆಬ್ಬೆರಳನ್ನು ಅಲ್ಲೇ ಇಡಿಸಿದ್ದಳು.

ಇದೆ ಅಜ್ಜಿ ಅಂದೆ. ಸುಳ್ಳು. ಇನ್ನು ಅದನ್ನು ನಿಜ ಮಾಡಬೇಕು, ಅಷ್ಟೇ.

ಮಾರ್ಚ್ 5, ಬುಧವಾರ, ಊಟವಾದ ಮೇಲೆ

ಊಟಕ್ಕೆ ಭಾವನೂ ಬಂದಿದ್ದರು. ಬಡಿಸುತ್ತಲೇ ಹೇಳಿಬಿಟ್ಟೆ – ಹಳೇ ಪಾರ್ಟ್ಸ್ ಎಲ್ಲ ವಾಪಸ್ ಬೇಕು. ನಯವಾಗಿಯೇ ಹೇಳಿದೆ, ಕಾನ್ವೆಂಟಿನಲ್ಲಿ ಕಲಿಸಿದ ಅಷ್ಟೂ ನಯ ಸುರಿದು.

ಭಾವ ನಕ್ಕರು. ಅದೆಲ್ಲ ಗುಜರಿ ಅಂತೆ, ಎಲ್ಲಿ ಹೋಯಿತೋ ಯಾರಿಗೆ ಗೊತ್ತು ಅಂತೆ. ಮೇಲಿಂದ ಇನ್ನೊಂದು ಸುದ್ದಿ: 23ಕ್ಕೆ ಅವರ ಹೊಸ ಬ್ರಾಂಚ್ ಓಪನಿಂಗ್. ನನ್ನ ಕಾರು ಅಂಗಡಿಯ ಮುಂದೆ ನಿಲ್ಲಬೇಕಂತೆ, ಅವರ ಕೈಕೆಲಸದ ಸ್ಯಾಂಪಲ್ ಆಗಿ. ನಮ್ಮ ಗುಂಡ ಆಗಲೇ ಹೂಂ ಅಂದಾಗಿದೆ. ಯಾರ ಕಾರಿಗೆ ಯಾರು ಹೂಂ ಅನ್ನುವುದು? ಬೇರೆ ಯಾವುದಾದರೂ ಕಾರು ನಿಲ್ಲಿಸಿಕೊಳ್ಳಿ ಭಾವ, ಇದು ಬೇಡ ಅಂದೆ.

"ಮನೆಗೆ ಬಂದು ತಿಂಗಳಾಗಿಲ್ಲ, ಆಗಲೇ ಬೇಕು ಬೇಡ ಶುರುವಾಯ್ತಾ?" ನಗುತ್ತಲೇ ಅಂದರು. ಆ ನಗುವೇ ಮೈ ಉರಿಸಿದ್ದು.

ರೂಮಿಗೆ ಬಂದ ಮೇಲೆ ಗುಂಡನ ಮುಖ ಗಡಿಗೆಯಾಯಿತು. ಪ್ರೀತಿಯಿಂದ ಮಾಡಿಸಿದ್ದು ಕಣೇ ಅಂದ. ಪ್ರೀತಿಯಿಂದ ನನ್ನ ತಲೆ ಬೋಳಿಸಿ ವಿಗ್ ಇಟ್ಟಿದ್ದರೂ ಥ್ಯಾಂಕ್ಸ್ ಅನ್ನಬೇಕಿತ್ತಾ ಎಂದು ಕೇಳಿದೆ. ಮೊದಲನೇ ಜಗಳ. ಡೇಟ್ ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ಆನಿವರ್ಸರಿ ಮಾಡಬಹುದು.

ಮಾರ್ಚ್ 10, ಸೋಮವಾರ

ನಾಲ್ಕೈದು ದಿನ ಬರೆಯಲಿಲ್ಲ. ಗುಂಡ "ಉಪ್ಪು ಕೊಡು" ಬಿಟ್ಟು ಮಾತಾಡಲಿಲ್ಲ. ನಾನೂ ಉಪ್ಪು ಕೊಟ್ಟೆ, ಮಾತು ಕೊಡಲಿಲ್ಲ. ದಿಂಬಿನ ಮೇಲಿನ ಅವನ ವಾಸನೆಗೆ ಮಾತ್ರ ಮನಸ್ಸು ನಾಚಿಕೆಗೆಟ್ಟು ಕರಗುತ್ತದೆ.

ಬಿಡುವುದಿಲ್ಲ ಆದರೂ. ಬೆಳಗಿನಿಂದ ಕಾರಿನ ಶೆಡ್ಡಿನಲ್ಲಿದ್ದೆ, ಬಟ್ಟೆ, ಥಿನ್ನರ್ ಹಿಡಿದು. ಬಂಪರಿನ ತುಂತುರು ಹೋಯಿತು. ಹಳೆಯ ಟೂತ್‌ಬ್ರಶ್ಶಿನಿಂದ ಬಾನೆಟ್ಟಿನ ಅಕ್ಷರಗಳ ಸಂದಿಯನ್ನು ಉಜ್ಜಿದೆ. ಉಗುರೆಲ್ಲ ಕೆಂಪು, ಯಾರನ್ನೋ ಕೊಂದು ಬಂದವಳ ಹಾಗೆ.

ಮಧ್ಯಾಹ್ನ ಮಹಡಿಗೆ ಬಟ್ಟೆ ಒಣಹಾಕಲು ಹೋದೆ. ಅತ್ತೆಯ ಹೂಕುಂಡಗಳ ಸಾಲು. ಒಂದು ಕುಂಡದ ಅಡಿಯಲ್ಲಿ ಏನೋ ಹೊಳೆಯಿತು. ಬಗ್ಗಿ ನೋಡಿದರೆ ನನ್ನ ವೀಲ್ ಕ್ಯಾಪ್! ನಾಲ್ಕೂ ಅಲ್ಲೇ, ನೀರು ಸೋರದ ಹಾಗೆ ಕುಂಡದ ಕೆಳಗೆ ತಟ್ಟೆಯಾಗಿ ಕೂತಿವೆ. ಒಂದರಲ್ಲಿ ಕಪ್ಪೆಮರಿ.

ಸೆರಗು ಸಿಕ್ಕಿಸಿ ಕೆಳಗಿಳಿದೆ, ಜಗಳಕ್ಕೆ ಪೂರ್ತಿ ರೆಡಿಯಾಗಿ. ಅತ್ತೆ ಕನ್ನಡಕದ ಮೇಲಿಂದ ನೋಡಿದರು.

"ಬಾಯಿ ಬಿಟ್ಟು ಕೇಳೋಕೇನಾಗಿತ್ತು? ಊಟದ ಹೊತ್ತಲ್ಲಿ ನೀನು ಪಾರ್ಟ್ಸು ಪಾರ್ಟ್ಸು ಅಂದೆ, ನಾನು ಇಂಜಿನ್ನೇ ಕಳೆದುಹೋಗಿದೆ ಅಂದುಕೊಂಡೆ. ನಿಮ್ಮ ಭಾವ ಬಿಸಾಕ್ತಿದ್ದ, ಗಟ್ಟಿ ತಟ್ಟೆ ಅಂತ ತಂದಿಟ್ಟುಕೊಂಡೆ. ನನ್ನ ಕುಂಡಕ್ಕೆ ಬೇರೆ ಕೊಡು, ಇವನ್ನ ತಗೊಂಡು ಹೋಗು."

ಪ್ಲಾಸ್ಟಿಕ್ ತಟ್ಟೆಗಳನ್ನು ಕೊಟ್ಟೆ. ಅಳತೆ ಸರಿಹೋಯಿತು. ಹಿಡಿಕೆಯ ಬಗ್ಗೆ ಕೇಳಿದರೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿಮ್ಮ ಭಾವನ ಅಂಗಡಿಯಲ್ಲಿ ನೋಡಿದ ನೆನಪು, ಆದರೆ ಎಲ್ಲಿ ಅಂತ ನನ್ನ ಬಾಯಲ್ಲಿ ಹೇಳಿಸಬೇಡ ಅಂದರು.

ಮಾರ್ಚ್ 12, ಬುಧವಾರ

ಇವತ್ತು ಡ್ರೈವರ್ ಬಾಗಿಲ ಮೇಲೆ ಥಿನ್ನರ್ ಚೆಲ್ಲಿತು. ಒರೆಸಲು ಹೋದರೆ ಕೆಂಪು ಮುದುರಿ, ಬಿಸಿ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಅಂಚಿಗೆ ಉಗುರು ಹಾಕಿ ಎಳೆದೆ. ಉದ್ದಕ್ಕೂ ಕಿತ್ತು ಬಂತು. ಕೆಳಗೆ... ಕೆನೆಬಣ್ಣ. ಅಜ್ಜಿಯ ಬಣ್ಣ, ಒಂದು ಗೀರೂ ಇಲ್ಲದೆ.

ಉಪ್ಪುಕಾಗದ ಹಾಕದೆ, ಹಳೆಯ ಮೇಣದ ಪಾಲಿಶ್ ತೊಳೆಯದೆ, ಹಾಗೆಯೇ ಮೇಲಿಂದ ಬಳಿದುಬಿಟ್ಟಿದ್ದಾರೆ. ಹೊಸ ಬಣ್ಣ ಹಿಡಿದೇ ಇಲ್ಲ. ಭಾವನ ಸೋಮಾರಿತನವೇ ನನ್ನ ಕಾರನ್ನು ಉಳಿಸಿದೆ. ಶೆಡ್ಡಿನಲ್ಲಿ ಒಬ್ಬಳೇ ಕುಣಿದೆ.

ಕುಣಿಯುವಾಗ ಬಾಗಿಲಲ್ಲಿ ಗುಂಡ. ಯಾವಾಗ ಬಂದನೋ. ಕಾರಿನ ಬಾಗಿಲನ್ನು ನೋಡಿದ, ನನ್ನ ಉಗುರು ನೋಡಿದ, ನೆಲದ ಮೇಲಿನ ಕೆಂಪು ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದ.

"ಇದನ್ನಾ ನಾನು ನಿಂಗೆ ಗಿಫ್ಟ್ ಅಂತ ಕೊಟ್ಟಿದ್ದು?"

ಶರ್ಟಿನ ತೋಳು ಮಡಿಸಿದ. ಆಫೀಸ್ ಪ್ಯಾಂಟಿನಲ್ಲೇ ನೆಲಕ್ಕೆ ಕೂತ. ಇಬ್ಬರೂ ಸೇರಿ ಆ ಬಾಗಿಲನ್ನು ಪೂರ್ತಿ ಸುಲಿದೆವು. ಉಪ್ಪಿನ ವ್ರತ ಮುಗಿಯಿತು. ಉಳಿದದ್ದು ಬರೆಯುವುದಿಲ್ಲ.

ಮಾರ್ಚ್ 18, ಮಂಗಳವಾರ

ಹಿಡಿಕೆ ಸಿಕ್ಕಿತು! ಎಲ್ಲಿ ಅಂದರೆ – ಭಾವನ ಅಂಗಡಿಯ ಟಾಯ್ಲೆಟ್ಟಿನ ಬಾಗಿಲಲ್ಲಿ. ತಗಡಿನ ಬಾಗಿಲಿಗೆ ಎರಡು ಬೋಲ್ಟ್ ಹಾಕಿ ಬಿಗಿದಿದ್ದಾರೆ. ಹೋಗಿ ಬರುವವರೆಲ್ಲ ಅಜ್ಜಿಯ ಹಿತ್ತಾಳೆಯನ್ನು ಹಿಡಿದು ಎಳೆಯುತ್ತಾರೆ.

ಭಾವ ಹೊರಗೆ ಹೋಗಿದ್ದ ಹೊತ್ತು. ಹಾಡುಹಗಲಲ್ಲೇ ಸ್ಪ್ಯಾನರ್ ತೆಗೆದೆ. ಗುಂಡ ಪಕ್ಕದಲ್ಲಿ ಕಾವಲು, ಮುಖದಲ್ಲಿ ಬ್ಯಾಂಕ್ ಮ್ಯಾನೇಜರಿನ ಗಾಂಭೀರ್ಯ. ಅರ್ಜೆಂಟಾಗಿ ಬಂದ ಗಿರಾಕಿಯೊಬ್ಬರಿಗೆ "ಮೇಂಟೆನೆನ್ಸ್ ಸಾರ್" ಅಂದ. ಪಾಪ, ಅವರು ಒಂದೇ ಕಾಲಲ್ಲಿ ನಿಂತು ಕಾದರು. ತೆಗೆದ ಜಾಗಕ್ಕೆ ಕಾರಿನಿಂದ ಬಿಚ್ಚಿದ ಫ್ರಿಜ್ ಹಿಡಿಕೆ ಬಿಗಿದು ಬಂದೆ. ನಾನೇನು ಕಳ್ಳಿಯಲ್ಲ. ಎಕ್ಸ್‌ಚೇಂಜ್.

ಬಿಸಿನೀರಲ್ಲಿ ತೊಳೆದೆ. ಮತ್ತೆ ತೊಳೆದೆ. ಡೆಟಾಲ್ ಹಾಕಿ ಇನ್ನೊಮ್ಮೆ.

ಮಾರ್ಚ್ 21, ಶುಕ್ರವಾರ

ಭಾವನ ಫೋನ್. ಭಾನುವಾರ ಒಂಬತ್ತಕ್ಕೆಲ್ಲ ಕಾರು ಬೇಕಂತೆ. ಗುಂಡ ನನ್ನತ್ತ ನೋಡಿದ. ನಾನು ಬೇಡವೆಂದು ತಲೆ ಆಡಿಸುವುದರಲ್ಲಿದ್ದೆ. ಆಮೇಲೆ ಯೋಚನೆ ಬಂತು. ಬೇಡ ಅಂದರೆ ಸೊಸೆಗೆ ಕೊಬ್ಬು ಅನ್ನುತ್ತಾರೆ, ಉಳಿದ ಕೆಂಪನ್ನು ಸುಲಿಯಲೂ ಬಿಡುವುದಿಲ್ಲ. ಹೋದರೆ ಆ ಬಾಗಿಲೇ ಎಲ್ಲರ ಮುಂದೆ ಉತ್ತರ ಹೇಳುತ್ತದೆ. ಫೋನ್ ಇಸಿದುಕೊಂಡೆ.

"ಬರ್ತೀವಿ ಭಾವ. ಆದ್ರೆ ಓಡಿಸೋದು ನಾನು. ಮತ್ತೆ ಈಗ್ಲೇ ಹೇಳ್ತೀನಿ, ಡ್ರೈವರ್ ಬಾಗಿಲು ಸುಲಿದಾಗಿದೆ, ಕೆಂಪು ಇಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಬೇಡ ಅಂದ್ರೆ ಮನೇಲೇ ಇರುತ್ತೆ."

ಭಾವ ನಕ್ಕರು. ತಮಾಷೆ ಚೆನ್ನಾಗಿ ಮಾಡ್ತೀಯಮ್ಮಾ, ಬಂದುಬಿಡು ಅಂದರು. ನಂಬಲಿಲ್ಲ. ನಾನು ಹೇಳಿಯಾಗಿದೆ.

ಮಾರ್ಚ್ 23, ಭಾನುವಾರ, ಒಂಬತ್ತಕ್ಕೆ ಸ್ವಲ್ಪ ಮುಂಚೆ

ಅಂಗಡಿಯ ಎದುರು, ಸ್ಟೀರಿಂಗ್ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಮೂರು ಬಾಗಿಲು ಕೆಂಪು, ನನ್ನದು ಕೆನೆ. ವೀಲ್ ಕ್ಯಾಪಿನಲ್ಲಿ ಬೀದಿಯೆಲ್ಲ ಕಾಣುತ್ತಿದೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಅವಳ ಪಕ್ಕದಲ್ಲಿ ಅತ್ತೆ. ಅಜ್ಜಿಯನ್ನು ಕರೆತಂದದ್ದು ಗುಂಡ. ಕಾರು ಹತ್ತುವ ಮೊದಲು ಅಜ್ಜಿ ಡ್ರೈವರ್ ಬಾಗಿಲಿಗೆ ಬಂದು ತಡಕಿದಳು, ಹೆಬ್ಬೆರಳು ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತು. "ಹೂಂ, ನಡಿ" ಅಂದಳು, ಅಷ್ಟೇ.

ಜನ ಸುತ್ತ ಸೇರುತ್ತಿದ್ದಾರೆ. ಭಾವ ರಿಬ್ಬನ್ ಬಿಟ್ಟು ಬರುತ್ತಿದ್ದಾರೆ. ಬಾಗಿಲ ಬಣ್ಣ ನೋಡಿ ನಗು ಅರ್ಧಕ್ಕೆ ನಿಂತಿದೆ. ಗಾಜು ಇಳಿಸು ಎಂದು ಕೈ ಮಾಡುತ್ತಿದ್ದಾರೆ. ಇಳಿಸುವುದಿಲ್ಲ. ಅವರೇ ಬಾಗಿಲು ತೆಗೆಯಲಿ.

ಹಿಡಿಕೆಗೆ ಕೈ ಹಾಕಿದರು. ಬಗ್ಗಿ ನೋಡಿದರು. ತಮ್ಮ ಟಾಯ್ಲೆಟ್ಟಿನ ಹಿಡಿಕೆಯೆಂದು ಗುರುತು ಸಿಕ್ಕಿ, ಕೈ ಹಿಂದಕ್ಕೆ ಎಳೆದು–