ಗೇಮಿನ ಮುದುಕಿಯ ನಡಿಗಿ

ಮುದ್ದೇಬಿಹಾಳ

ಹುಚ್ಚವ್ವ ಆಯಿಗೆ ಬಾಜೂ ಮನಿ ಇರಮಳ ಸಲಾಂ.

ಕಾಲೇಜಿನಾಗ ನಾವು ಮಾಡಿದ ಕಂಪ್ಯೂಟರ್ ಗೇಮಿನ ಐದೂ ಲೆವೆಲ್ಲಿಗೆ ಒಂದೇ ಮುದುಕಿ ಗೊಂಬಿ ಇಟ್ಟೇವಿ. ಅಕಿಗೆ ನಿಮ್ಮ ನಡಿಗಿ ಕೊಟ್ಟೆ. ಒಂದು ಲೆವೆಲ್ಲಿನಾಗ ಮಂದಿನ್ನ ನಗಸಾಕಂತ ಅಕಿ ಎಡವಿ ಬೀಳೂಹಂಗ ಮಾಡಿದೆ. ಗೊಂಬಿ ಒಂದೇ ಆಗಿದ್ದಕ್ಕ ಅಕಿ ಐದೂ ಕಡೆ ಬಿದ್ಲು.

ಕಾಲೇಜಿನಾಗ ಗೇಮ್ ತೋರಸೂ ಪ್ರದರ್ಶನಕ್ಕ ನಿಮ್ಮನ್ನ ನಾನೇ ಕರಕೊಂಡು ಹೋಗಿದ್ದೆ. ಅಕಿ ಬಿದ್ದಾಗೊಮ್ಮೆ ಎಲ್ಲಾರೂ ನಕ್ರು, ನಾನೂ ನಕ್ಕೆ. ಹೊರಗ ಬಂದು ನೀವು, "ನಾ ಹಂಗ ನಡೀತೇನೇನವಾ?" ಅಂತ ಕೇಳಿದ್ರಿ. "ಇಲ್ಲ ಆಯಿ" ಅಂದೆ. ಅದು ಸುಳ್ಳು.

ಅವತ್ತಿನಿಂದ ನಿಮ್ಮ ಮನಿ ಮುಂದ ಹಾಯದ, ಹಿಂದಿನ ಓಣಿ ಹಿಡಿದು ಹೋಗಾಕತ್ತೇನಿ.

ಅಕಿ ಬೀಳೂದನ್ನ ತಗದೇನಿ. ಈಗ ಐದೂ ಕಡೆ ನಿಧಾನಕ್ಕ ನಡೀತಾಳ. ಮೊದಲ ಕೇಳಬೇಕಿತ್ತು, ಈಗ ಕೇಳ್ತೇನಿ: ನಿಮ್ಮ ನಡಿಗಿ ಇಟ್ಕೊಳ್ಲೇನ್ರಿ? ಬ್ಯಾಡಂದ್ರ ಇವತ್ತೇ ಅಳಸ್ತೇನಿ.

ಮಾರಿ ತೋರಸಲಾರದ,
ಇರಮ